ಕೈ ನೋಯುವವರೆಗೆ ಬಿಗಿದದ್ದು

"ಭಾನುವಾರ ಅಜ್ಜಂಪುರದೋರು ಬರೋ ಹೊತ್ಗೆ ಆ ಕಂಪ್ಯೂಟರ್ ಡಬ್ಬ ಓಡ್ತಿರ್ಬೇಕು. ಇಲ್ಲಾಂದ್ರೆ ಸೋಮವಾರ ಅದನ್ನ ಮಾರ್ಬಿಟ್ಟು ನನ್ ಜೊತೆ ಪೈಪ್ ಹಿಡಿಯಕ್ಕೆ ಬಾ" ಎಂದು ನನ್ನ ಗಂಡ ತಮ್ಮನಿಗೆ ಹೇಳಿದ್ದು ಊಟದ ನಡುವೆ, ಮುದ್ದೆ ಮುರಿಯುತ್ತಾ. ಮೈದುನ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಆ ಕೈಯ ತೋರುಬೆರಳಿಗೆ ತುದಿಯಿಲ್ಲ. ದೇವನೂರಿನ ಹತ್ತಿರ ಯಾರದೋ ಬೋರ್‌ವೆಲ್‌ನಿಂದ ಅಣ್ಣನ ಜೊತೆ ಪಂಪು ಎತ್ತುವಾಗ ಚೈನು ಜಾರಿ ತುಂಡರಿಸಿತ್ತು. ಅವತ್ತು ಕರವಸ್ತ್ರ ಸುತ್ತಿಕೊಂಡು ಮನೆಗೆ ಬಂದವನು ಮತ್ತೆ ಪಂಪಿನ ಕೆಲಸಕ್ಕೆ ಹೋಗಲಿಲ್ಲ. ಕಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋಗಳನ್ನು ಜೋಡಿಸಿಕೊಡಲು ಶುರುಮಾಡಿದ. ನನ್ನ ಗಂಡನ ಪಂಪ್ ರಿಪೇರಿ ಅಂಗಡಿ ಮನೆಗೆ ಅಂಟಿಕೊಂಡೇ ಇದೆ. ಕೆಲಸಕ್ಕೆ ಜನ ಸಿಗದೆ ಇವರು ಒದ್ದಾಡುತ್ತಿದ್ದರು. ಗೋಡೆಯಾಚೆ ಸ್ವಂತ ತಮ್ಮ ಫ್ಯಾನಿನ ಕೆಳಗೆ ಕೂತು ಮದುಮಕ್ಕಳ ಮುಖ ನೋಡುತ್ತಾನೆ ಅನ್ನುವುದು ಇವರಿಗೆ ಹೊಟ್ಟೆಯಲ್ಲಿ ಉರಿ.

ಆ ಬೇಸಿಗೆಯಲ್ಲಿ ಕಂಪ್ಯೂಟರ್ ಕಾದು ಕಾದು ತಾನೇ ಆರಿಹೋಗತೊಡಗಿತು. ಅಜ್ಜಂಪುರದ ಮದುವೆಯ ಕೆಲಸ ಅರ್ಧಕ್ಕೆ ನಿಂತಿತು. ಮೈದುನ ಶಿವಮೊಗ್ಗದ ಗೆಳೆಯನಿಂದ ಹಳೆಯದೊಂದು ವಾಟರ್ ಕೂಲಿಂಗ್ ಬ್ಲಾಕು ತಂದ. ಹಿಡಿಯಷ್ಟು ದಪ್ಪದ ಗುಂಡು ಬಿಲ್ಲೆ, ಎರಡು ಕಪ್ಪು ರಬ್ಬರ್ ನಳಿಗೆ, ಒಳಗೆ ಹಸಿರು ನೀರು. ಅದು ಕಂಪ್ಯೂಟರಿನ ಕಾದ ಚಿಪ್ಪಿನ ಮೇಲೆ ಒತ್ತಿ ಕೂತು ಬಿಸಿಯನ್ನು ನೀರಿಗೆ ಎಳೆದುಕೊಳ್ಳಬೇಕು. ಆದರೆ ಚಿಪ್ಪು ಕೂತಿದ್ದ ಇವನ ಮದರ್‌ಬೋರ್ಡಿನ ತೂತುಗಳೇ ಬೇರೆ, ಬ್ಲಾಕಿನ ಕಾಲುಗಳ ಅಳತೆಯೇ ಬೇರೆ. ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದರ ಮುಚ್ಚಳ ಹಾಕಿದ ಹಾಗೆ, ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು.

ತರೀಕೆರೆಯ ಲೇತ್ ಅಂಗಡಿಗೆ ಬಸ್ಸಿನಲ್ಲಿ ಹೋಗಿ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕೊರೆಸಿಕೊಂಡು ಬಂದ. ತೂತು ಕೂಡಿತು. ಆದರೂ ಬ್ಲಾಕು ಮತ್ತು ಚಿಪ್ಪಿನ ನಡುವೆ ಕಾಗದ ತೂರುವಷ್ಟು ಸಂದು ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ ಪಟ್ಟಿಯ ಕಾಲುಗಳನ್ನು ಸಣ್ಣ ಅರದಿಂದ ಉಜ್ಜುತ್ತಾ ಕೂತ. ನಾನು ಕೆಳಗೆ ಹಳೆಯ ಪೇಪರ್ ಹಾಸಿಕೊಟ್ಟೆ. ಅವನ ರೆಪ್ಪೆಯ ಮೇಲೆ ಬೆಳ್ಳಿಯಂಥ ಪುಡಿ ಕೂತಿತ್ತು.

ಇವರು ಬಂದದ್ದು ಆಗ. ಬೆಳಿಗ್ಗೆ ಸಖರಾಯಪಟ್ಟಣದ ಕಡೆ ಒಂದು ಪಂಪು ಇಳಿಸುವಾಗ ಪೈಪಿನ ಜೋಡಣೆ ಬಿಟ್ಟುಕೊಂಡು ಪಂಪು ಬೋರಿನ ತಳ ಸೇರಿತ್ತು. ಕೂಲಿಗೆ ಬಂದವನು ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ. ತೋಟದವರು ಹತ್ತು ಜನರ ಮುಂದೆ ಬಯ್ದಿದ್ದರು. ಇವರ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು, ಕೈಯಲ್ಲಿ ಸ್ಪ್ಯಾನರ್ ಇನ್ನೂ ಹಾಗೇ ಇತ್ತು.

"ಏನೋ ಅದು, ವಾಲೆ ಜುಮಕಿ ಮಾಡ್ತಿದೀಯ?"

"ಕಾಲು ಒಂಚೂರು ಎತ್ರ ಐತಣ್ಣ. ಸಂಜೆ ಹೊತ್ಗೆ ಕೂತ್ಕೊಳತ್ತೆ."

"ಇದೂ ಪಂಪೇ ಅಲ್ವೇನೋ? ನೀರು ಹೋಗ್ತದೆ, ನೀರು ಬತ್ತದೆ. ಪಾತಾಳದಾಗೆ ಪಂಪ್ ಕೂರ್ಸೋನಿಗೆ ಈ ಬೆಂಕಿಪಟ್ಣ ಕೂರ್ಸಕ್ ಬರಕಿಲ್ವಾ? ಸರಿ ಅತ್ಲಾಗೆ."

"ಬ್ಯಾಡ ಅಣ್ಣ. ಕೈ ಹಾಕ್ಬೇಡ."

"ಸರಿಯೋ ಲೇ!"

ಕುರ್ಚಿ ಸಮೇತ ತಮ್ಮನನ್ನು ಪಕ್ಕಕ್ಕೆ ನೂಕಿದರು.

ಪಂಪಿನವರ ಕೆಲಸ ನಾನು ಮದುವೆಯಾದಂದಿನಿಂದ ನೋಡಿದ್ದೇನೆ. ಒಮ್ಮೆ ಕೆಳಗಿಳಿದ ಜೋಡಣೆ ಮತ್ತೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಬೋಲ್ಟನ್ನು ಕೈ ನೋಯುವವರೆಗೆ ತಿರುಗಿಸಬೇಕು, ನೋವು ಬಂದ ಮೇಲೆ ಇನ್ನೊಂದು ಸುತ್ತು. ಇವರು ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ ಬೋರ್ಡಿನ ಅಡಿಗಿಟ್ಟರು. ಹಾಗೇ ಒಂದು ಮೂಲೆಯಿಂದ ಬಿಗಿಯಲು ಶುರುಮಾಡಿದರು. ಮುಂಗೈಯ ನರ ಉಬ್ಬಿತು. ಬೆಳಿಗ್ಗೆ ಬಿಗಿಯದೆ ಬಿಟ್ಟವನ ಕುತ್ತಿಗೆಯೇ ಸ್ಪ್ಯಾನರಿನಲ್ಲಿ ಸಿಕ್ಕಿದೆ ಅನ್ನುವ ಹಾಗಿತ್ತು ಮುಖ.

ನನಗೆ ಕಂಡದ್ದು ಬೋರ್ಡು. ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅದರ ಅಂಚು ಮೆಲ್ಲಗೆ ಮೇಲೆದ್ದಿತು.

"ಬಗ್ತೈತೆ ಅಣ್ಣ! ಬಿಡು, ಬಿಡು!"

"ಬಗ್ಗಿದ್ರೇನೇ ಕೂರೋದು."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು, ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಹಾಕಲೇಬೇಕಾದರೆ ಮೊದಲು ಕ್ಷಮಿಸಿ ಎನ್ನಬೇಕು. "ಕ್ಷಮಿಸಿ, ಒಂದ್ನಿಮಿಷ ಇಲ್ ಕೇಳಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಟಪ್ ಎಂದು ಸಣ್ಣ ಸದ್ದಾಯಿತು. ಬೋರ್ಡಿನ ಮೇಲೆ ಕೂದಲೆಳೆಯಂಥ ಬಿರುಕು ಒಂದು ಮೂಲೆಯಿಂದ ಚಿಪ್ಪಿನವರೆಗೆ ಓಡಿತು.

ಮೈದುನ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಅಣ್ಣನ ಮುಖಕ್ಕೆ ಮುಷ್ಟಿಯಿಂದ ಗುದ್ದಿದ.

ನಮ್ಮ ಮನೆಯಲ್ಲಿ ಅವನು ಕೈ ಎತ್ತಿದ್ದು ಅದೇ ಮೊದಲು. ಇವರ ಮೂಗಿನಿಂದ ರಕ್ತ ಬಳಕ್ಕನೆ ಬಂತು. ಇವರು ಅವನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಅಪ್ಪಳಿಸಿದರು. ನಳಿಗೆ ಕಿತ್ತುಕೊಂಡು ಹಸಿರು ನೀರು ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಸೀರೆಗೆ ಚಿಮ್ಮಿತು. ಇಬ್ಬರೂ ಜಾರಿ ನೆಲಕ್ಕೆ ಬಿದ್ದರು. ಬಿದ್ದ ಮೇಲೂ ಬಿಡಲಿಲ್ಲ. "ನನ್ ಬೆರಳು ತಿಂದೆ, ಈಗ ಇದನ್ನೂ ತಿಂದ್ಯಾ" ಎಂದು ಮೈದುನ ಕಿರುಚುತ್ತಿದ್ದ. ಇವರು ಹೊಡೆಯುತ್ತಲೇ ಇದ್ದರು. ಎದೆಯ ಮೇಲೆ ಕೂತು ಅವನ ಬಲಗೈಯನ್ನು ನೆಲಕ್ಕೆ ಅದುಮಿದರು. ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಮೇಲೆದ್ದಿತು. ಅದು ಇಳಿದರೆ ಬೆರಳುಗಳ ಮೇಲೆಯೇ ಇಳಿಯುತ್ತಿತ್ತು. ಆಮೇಲೆ ಅವನು ಯಾವ ಕೆಲಸಕ್ಕೂ ಇಲ್ಲ, ಪಂಪಿಗೂ ಇಲ್ಲ, ಮದುವೆ ವಿಡಿಯೋಗೂ ಇಲ್ಲ.

ನಾನು ಎಳೆದೆ, ಆಗಲಿಲ್ಲ. ಬೆನ್ನಿಗೆ ಗುದ್ದಿದೆ, ಅವರಿಗೆ ತಿಳಿಯಲೇ ಇಲ್ಲ. ಆಗ ಸ್ಪ್ಯಾನರ್ ಹಿಡಿದ ಕೈಯನ್ನು ಬಾಯಲ್ಲಿ ಕಚ್ಚಿ ಹಿಡಿದೆ. ಹೆಬ್ಬೆರಳಿನ ಬುಡದ ದಪ್ಪ ಮಾಂಸವನ್ನು, ನನ್ನ ಎಲ್ಲ ಹಲ್ಲುಗಳಿಂದ. ಗ್ರೀಸಿನ ರುಚಿ ಬಂತು, ಆಮೇಲೆ ಉಪ್ಪು. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು ಕೇಳುವವರೆಗೂ ಬಿಡಲಿಲ್ಲ.

ಇಬ್ಬರೂ ನೆಲದ ಮೇಲೆಯೇ ನನ್ನನ್ನು ನೋಡುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ.

"ಕಾನ್ವೆಂಟಾಗೆ ಇದನ್ನೂ ಹೇಳ್ಕೊಡ್ತಾರೇನೇ?" ಎಂದರು ಇವರು, ಏದುಸಿರಿನಲ್ಲಿ. ನನಗೆ ನಗು ಬರಲಿಲ್ಲ.

ಮೈದುನ ಎದ್ದು ಡಬ್ಬ ಬಿಚ್ಚಿ, ವಿಡಿಯೋ ಇದ್ದ ಡಿಸ್ಕ್ ಒಂದನ್ನೇ ತೆಗೆದುಕೊಂಡ. ಅದಕ್ಕೆ ನೀರು ತಾಕಿರಲಿಲ್ಲ. ಒಗೆದ ಟವೆಲಿನಲ್ಲಿ ಸುತ್ತಿದ. ತರೀಕೆರೆಯಲ್ಲಿ ಇನ್ನೊಬ್ಬ ಗೆಳೆಯನ ಸ್ಟುಡಿಯೋ ಇದೆ, ಅಲ್ಲಿ ಮುಗಿಸುತ್ತೇನೆ ಎಂದ. ಗೇಟಿನ ತನಕ ಹಿಂದೆ ಹೋದೆ. "ಒಂದ್ ತುತ್ತು ಉಂಡ್ಕೊಂಡ್ ಹೋಗಪ್ಪ" ಎಂದೆ.

"ಹಲ್ಲೇ ಅಳ್ಳಾಡ್ತೈತೆ ಅತ್ತಿಗೆ, ಏನ್ ಉಣ್ಲಿ?" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಭಾನುವಾರ ಅಜ್ಜಂಪುರದಿಂದ ಮದುಮಗಳ ಚಿಕ್ಕಪ್ಪ ಬಂದರು. ಗರಿಗರಿ ಇಸ್ತ್ರಿಯ ಬಿಳಿ ಅಂಗಿ. ವಿಡಿಯೋ ಎರಡು ದಿನ ತಡವಾಗುತ್ತದೆ ಎಂದು ನಾನೇ ಹೇಳಿದೆ. ಅವರು ಒಡೆದ ಕಂಪ್ಯೂಟರನ್ನು, ಹಸಿರು ಗೋಡೆಯನ್ನು, ಇವರ ಊದಿದ ಮೂಗನ್ನು ಒಂದೊಂದಾಗಿ ನೋಡಿದರು.

"ಪಂಪ್ ರಿಪೇರಿಯೋರ ಮನೇಗೆ ಮದ್ವೆ ವಿಡಿಯೋ ಕೊಟ್ಟಿದ್ದು ನಮ್ದೇ ತಪ್ಪು ಕಣ್ರೀ. ಆ ಬೆರಳು ಮೋಟ ಏನ್ ಮಾಡ್ತಾನೆ? ಪೈಪ್ ಹಿಡಿಯಕ್ಕೆ ಕಳ್ಸಿ ಅತ್ಲಾಗೆ."

ಮೂರು ದಿನದ ಹಿಂದೆ ನನ್ನ ಗಂಡ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಆದರೆ ಇವರು ಕುರ್ಚಿಯಿಂದ ಎದ್ದದ್ದು ನನಗೆ ಕಾಣಲೇ ಇಲ್ಲ. ಆ ಮನುಷ್ಯ ಗೋಡೆಗೆ ಒರಗಿದ್ದರು, ಕಾಲರ್ ಇವರ ಮುಷ್ಟಿಯಲ್ಲಿತ್ತು, ಒಂದು ಚಪ್ಪಲಿ ಕಾಲಿನಿಂದ ಕಳಚಿತ್ತು.

"ಮೋಟ ಅಂದ್ಯಾ? ಇನ್ನೊಂದ್ಸಲ ಅನ್ನು, ನಿನ್ ಕೈನೂ ಹಂಗೇ ಮಾಡ್ತೀನಿ. ನನ್ ತಮ್ಮ ಇನ್ ಪೈಪ್ ಹಿಡಿಯಕ್ ಬರಕಿಲ್ಲ. ವಿಡಿಯೋನೇ ಅವನ್ ಕೆಲಸ. ತಿಳೀತಾ?"

ಬಿಡಿಸುವಷ್ಟರಲ್ಲಿ ಅವರ ಅಂಗಿಯ ಗುಂಡಿಗಳು ಉದುರಿದ್ದವು. ಪೊಲೀಸಿಗೆ ಹೇಳುತ್ತೇನೆ ಎನ್ನುತ್ತಾ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಹೋದರು. ಹೀಗೆ ಕೈ ಮಾಡುವುದೇ ಪ್ರೀತಿ ಎಂದು ನಮ್ಮ ಕಡೆ ಮೆಚ್ಚುವವರಿದ್ದಾರೆ. ನಾನು ಅವರಲ್ಲಿ ಒಬ್ಬಳಲ್ಲ. ನೆಲಕ್ಕೆ ಕೂತು ಉದುರಿದ ಗುಂಡಿಗಳನ್ನು ಆರಿಸಿದೆ.

ಸಂಜೆ ಫೋನಿನಲ್ಲಿ ಮೈದುನನಿಗೆ ಎಲ್ಲ ಹೇಳಿದೆ.

"ಪೈಪ್ ಹಿಡಿಯಕ್ ಬರಲ್ಲ ಅಂದ್ನಾ? ಅಣ್ಣನೇ?"

"ಹೂಂ. ಕಾಲರ್ ಹಿಡ್ಕೊಂಡೇ ಅಂದ್ರು."

"ಹಂಗಾದ್ರೆ ನಾನೇ ಅಜ್ಜಂಪುರಕ್ಕೋಗಿ ವಿಡಿಯೋ ಕೊಟ್ಟು, ಅವರ ಕಾಲಿಗ್ ಬಿದ್ದು ಬತ್ತೀನಿ. ಕೇಸು ಗೀಸು ಆಗದ್ಬೇಡ."

"ಆಮೇಲೆ ಮನೇಗ್ ಬತ್ತೀಯಲ್ಲ?"

"ಇಲ್ಲ ಅತ್ತಿಗೆ. ಕೆಲಸ ಇಲ್ಲೇ ಮಾಡ್ಕೊತೀನಿ. ಅವನ್ ಬಾಯಿ ಒಪ್ಕೊಂಡೈತೆ, ಕೈ ಇನ್ನೂ ಒಪ್ಪಿಲ್ಲ."

ಇವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಸೋಮವಾರ ಇವರ ಜೊತೆ ಪೈಪು ಹಿಡಿಯಲು, ಮೈದುನನ ಬದಲು ಇವರೇ ಗೊತ್ತುಮಾಡಿದ ಲಕ್ಕವಳ್ಳಿ ಕಡೆಯವರೊಬ್ಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಅವರ ಪಾಲಿನ ಬುತ್ತಿಯನ್ನೂ ಕಟ್ಟಿಕೊಟ್ಟೆ.