ಎಮ್ಮೆಯ ಕಿವಿ

ಜಾನುವಾರು ವಿಮೆಯ ತನಿಖೆಗೆ ಹುಬ್ಬಳ್ಳಿಯಿಂದ ಊರೂರು ತಿರುಗುವ ಗುರುಶಿದ್ದಪ್ಪ ಮೊದಲು ಜನರ ಮಾತನ್ನೇ ನಂಬುತ್ತಿದ್ದ. ಕೊಟ್ಟಿಗೆಯಲ್ಲಿ ಮೇವು ಮೆಲ್ಲುತ್ತಿದ್ದ ಎಮ್ಮೆಗೆ ವಿಮೆಯ ಗುರುತಿಗೆಂದು ಕಂಪನಿ ಹಾಕಿದ್ದ ಕಿವಿಯೋಲೆ ಬಿಚ್ಚಿ ತಂದು, 'ಸತ್ತೈತ್ರಿ' ಎಂದು ಅತ್ತು ತೋರಿಸಿದ ಪುಣ್ಯಾತ್ಮರು ಆ ನಂಬಿಕೆ ಕೆಡಿಸಿದರು. ಓಲೆಯೊಂದೇ ಸಾಲದು, ಸತ್ತ ಎಮ್ಮೆಯ ಕಿವಿಯನ್ನೇ ಓಲೆ ಸಮೇತ ಕೊಯ್ದು ಕೊಡಬೇಕೆಂದು ಕಂಪನಿ ಹಟ ಹಿಡಿಯಿತು.

ಕೆಲಗೇರಿಯ ದ್ಯಾಮವ್ವ ನಿನ್ನೆ ಸತ್ತ ತನ್ನ ಎಮ್ಮೆಗೆ ಅರಿಶಿನ ಹಚ್ಚಿ ಹಿತ್ತಲಲ್ಲಿ ಹೂಳಿಬಿಟ್ಟಿದ್ದಳು.

"ಕಿವಿ ಎಲ್ಲೈತ್ರಿ ಯವ್ವಾ?" ಎಂದು ಗುರುಶಿದ್ದಪ್ಪ ಕೇಳಿದ.

"ಮನೀ ಮಗಳಿದ್ದಂಗ ಇತ್ತರಿ. ಅದರ ಕಿವಿ ಹೆಂಗ ಕೊಯ್ಯಲಿ?"

ಇವಳು ಸುಳ್ಳು ಹೇಳುವವಳಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಆದರೆ ಕಂಪನಿಗೆ ಕಿವಿಯೇ ಬೇಕು. ಅವನು ಅಂಗಿಯ ತೋಳು ಮಡಚಿದ.

"ಗುದ್ದಲಿ, ಕುಡಗೋಲು ಇಲ್ಲಿಟ್ಟು ಒಳಗ ಹೋಗ್ರಿ ಯವ್ವಾ. ನಾ ಕರಿಯೂತನಾ ಹೊರಗ ಬರಬ್ಯಾಡ್ರಿ."