ಚಿತ್ರದ ಕಾರ್ಡಿನ ಸಿಪಾಯಿ

ನನ್ನಣ್ಣ ಕವಾಯತಿಗೆ ಹೆದರಿ ಮಿಲಿಟರಿಯಿಂದ ಓಡಿಹೋದ ಎಂದು ಕಲ್ಲೂರಿನಲ್ಲಿ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಓಡಿಹೋಗಬೇಕಾದರೆ ಮೊದಲು ಒಳಗೆ ಹೋಗಿರಬೇಕಲ್ಲ? ಅವನು ಹೋಗಿಯೇ ಇರಲಿಲ್ಲ. ಮನೆಯೊಳಗೆ ಅದನ್ನು ಸಾಬೀತು ಮಾಡಿದವಳು ನಾನು. ಹೊರಗೆ ಊರು ಏನೇ ಅಂದರೂ ಅವ್ವ ಯಾರನ್ನೂ ತಿದ್ದಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಭರ್ತಿಗೆಂದು ರಾಯಚೂರಿಗೆ ಹೋದ ಅಣ್ಣ ಅಲ್ಲಿಂದಲೇ ಸೈನ್ಯ ಸೇರಿದ ಎಂದು ಸುದ್ದಿ ಬಂತು. ಆಮೇಲೆ ಆಗಾಗ ಚಿತ್ರದ ಕಾರ್ಡುಗಳು. ಎಲ್ಲವೂ ತರಬೇತಿ ಕೇಂದ್ರದವೇ: ಸುಣ್ಣ ಬಳಿದ ಕಲ್ಲುಗಳ ನಡುವಿನ ಮೈದಾನ, ಉದ್ದನೆಯ ಹೆಂಚಿನ ಬ್ಯಾರಕ್ಕು, ಸಾಲಾಗಿ ನಿಂತ ಸಿಪಾಯಿಗಳು. ಆ ಸಾಲಿನ ಒಂದು ತಲೆಗೆ ಶಾಯಿಯಿಂದ ಸುತ್ತು ಹಾಕಿ ‘ಇದು ನಾನು’ ಎಂದು ಬರೆದಿದ್ದ. ಅವ್ವನಿಗೆ ಓದು ಬಾರದು. ನಾನು ಓದಬೇಕು, ಅವಳು ಆ ತಲೆಯ ಮೇಲೆ ಬೆರಳಾಡಿಸಬೇಕು.

“ಸೊರಗ್ಯಾನ ನೋಡು. ಹೊಟ್ಟಿಗಿ ಸರಿಯಾಗಿ ಹಾಕ್ತಾರೋ ಇಲ್ಲೋ.”

ದೇವದುರ್ಗದ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದು ಬಂದ ವಾರವೇ ಅಣ್ಣ ಮತ್ತೊಮ್ಮೆ ರಜೆಯೆಂದು ಬಂದ. ಊಟಕ್ಕೆ ಕುಳಿತವನ ಮುಂದೆ ಕಾರ್ಡುಗಳನ್ನು ಹರಡಿದೆ.

“ಅಣ್ಣಾ, ಇವರೆಲ್ಲಾ ಮೊಣಕಾಲತನಕ ಪಟ್ಟಿ ಸುತ್ಯಾರ. ಬ್ರಿಟಿಷರ ಕಾಲದ ಫೋಟೋ ಇದು. ಇದರಾಗ ನೀ ಹ್ಯಾಂಗ ಬಂದಿ? ಅಂಚಿ ಮುದ್ರಿ ನೋಡಿದ್ರ ರಾಯಚೂರಿಂದು ಅದ! ರಾಯಚೂರಾಗ ಎಲ್ಲಿ ಮಿಲಿಟರಿ ಅದ?”

ಅವನು ನಕ್ಕ. “ವಕೀಲಿಕಿ ಮಾಡು ತಂಗೀ, ಊರೆಲ್ಲಾ ನಿನ್ನ ಕಡೀನ ಬರ್ತದ.”

“ನಗಬ್ಯಾಡ. ಉತ್ತರ ಹೇಳು.”

“ಎದಿ ಅಳತಿ ಸಾಲಲಿಲ್ಲ. ಕಾರ್ಡು ಗುಜರಿ ಅಂಗಡ್ಯಾಗ ಸಿಕ್ಕವು. ಹತ್ತಿ ಮಿಲ್ಲಿನಾಗ ಕೆಲಸ ಮಾಡಾಕತ್ತೀನಿ. ಸಾಕೇನು?”

ಅವ್ವನ ಕಡೆ ನೋಡದೆಯೇ ಇಷ್ಟು ಹೇಳಿ, ಅರ್ಧ ರೊಟ್ಟಿ ಬಿಟ್ಟು ಎದ್ದ. ಮಾನ್ವಿಯಿಂದ ಬರುವ ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ. ಮಿಲ್ಲಿನಲ್ಲಿ ವಿಚಾರಿಸಿದರೆ, ಕೆಲಸ ಬಿಟ್ಟು ಎತ್ತಲೋ ಹೋದ ಎಂದರು. ಕಾರ್ಡುಗಳೂ ನಿಂತವು.

ನನ್ನ ವಾದದಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ಹುಡುಕುತ್ತೇನೆ, ಒಂದಾದರೂ ತಪ್ಪು ಸಿಕ್ಕೀತೆಂದು.

ವರ್ಷ ಕಳೆದ ಮೇಲೆ, ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಾಗ ಅವ್ವ ತಾನಾಗಿಯೇ ಅಂದಳು: “ರಜಾಕ್ಕ ಬಂದಾಗೆಲ್ಲಾ ಅವನ ಕೂದಲಾಗ ಹತ್ತಿ ಎಳಿ ಸಿಗಬಿದ್ದಿರ್ತಿತ್ತು. ನಾನ ತೆಗಿತಿದ್ನಿ.”

ನಾನು ಸಾಲು ಬಿಟ್ಟು ಅವಳ ಕಡೆ ತಿರುಗಿದೆ.

“ಗೊತ್ತಿತ್ತಾ? ಮತ್ತ ಅವತ್ತ ನನ್ನ ಬಾಯಿ ಯಾಕ ಮುಚ್ಚಿಸಲಿಲ್ಲ ಯವ್ವಾ?”