ವಾರಗಿತ್ತಿಗೆ ಕೊಟ್ಟ ಹತ್ತು ಮಾತ್ರೆ

ಮಧುಗಿರಿಯಲ್ಲಿ ಹನ್ನೊಂದು ವರ್ಷ ವಾರ್ಡ್ ಡ್ಯೂಟಿ ಮಾಡಿದ ಮೇಲೆ ನಾನು ಔಷಧ ಸಂಶೋಧನೆಯ ನರ್ಸ್ ಆದೆ. ವಾರ್ಡ್ ಬಿಟ್ಟದ್ದು ಸರಿಯೋ ತಪ್ಪೋ ಎಂಬ ಸಣ್ಣ ಅಳುಕು ಮಾತ್ರ ಒಳಗೇ ಇತ್ತು. ಮಂಡಿನೋವಿನ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುವ ಅಧ್ಯಯನ ಅದು. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ, ನೋಡಲು ಅಂಥದ್ದೇ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ.

ಮದಲೂರಿನ ಅಜ್ಜಿಯೊಬ್ಬರಿಗೆ ಒಪ್ಪಿಗೆ ಪತ್ರ ಓದಿ ಇದನ್ನೆಲ್ಲ ವಿವರಿಸಿದಾಗ ಅವರು ನಕ್ಕುಬಿಟ್ಟರು.

"ಅಲ್ಲ ಕಣಮ್ಮ, ಇಷ್ಟ್ ಓದ್ಕಂಡು ನಿಂಗೇ ಗೊತ್ತಿಲ್ವಾ?"

"ನಿಜವಾಗ್ಲೂ ಗೊತ್ತಿಲ್ಲ ಅಜ್ಜಿ. ಬೇಡ ಅನ್ಸಿದ್ರೆ ಯಾವಾಗ್ ಬೇಕಾದ್ರೂ ಬಿಟ್ಬಿಡಬಹುದು."

ಎರಡು ದಿನ ಯೋಚಿಸಿ, ಮೇಷ್ಟ್ರಾಗಿದ್ದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬೆಟ್ಟು ಒತ್ತಿದರು.

ತಿಂಗಳಾದ ಮೇಲೆ ಉಳಿದ ಮಾತ್ರೆ ಎಣಿಸಲು ಅವರ ಮನೆಗೆ ಹೋದೆ. ತಿಂಗಳಿಗೆ ಬೇಕಾದ್ದಕ್ಕಿಂತ ಹತ್ತು ಹೆಚ್ಚಿಗೆ ಕೊಟ್ಟಿದ್ದೆವು, ಅವು ಉಳಿದಿರಬೇಕಿತ್ತು. ಡಬ್ಬಿ ಖಾಲಿ. ಜಾಸ್ತಿ ನುಂಗಿಬಿಟ್ಟಿರಾ ಅಜ್ಜಿ ಎಂದು ಕೇಳಿದೆ.

"ನಾನ್ಯಾಕ್ ನುಂಗ್ಲಿ? ಪಕ್ಕದ್ಮನೆ ನಮ್ ವಾರಗಿತ್ತಿಗೆ ಕೊಟ್ಬುಟ್ಟೆ. ಮಂಡಿ ಹಿಡ್ಕಂಡು ಅಳೋಳು. ನೋಡ್ಕಂಡು ಹೆಂಗ್ ಸುಮ್ಕಿರ್ಲಿ?" ಎಂದವರು, ನನ್ನ ಮುಖ ನೋಡಿ ದನಿ ತಗ್ಗಿಸಿದರು. "ತಪ್ಪಾಯ್ತೇನಮ್ಮ? ನನ್ ಹೆಸ್ರು ಹೊಡ್ದಾಕ್ತಾರಾ?"

"ಡಾಕ್ಟ್ರನ್ನ ಕೇಳ್ತೀನಿ ಅಜ್ಜಿ. ಆದ್ರೆ ನಡೆದದ್ದನ್ನ ನಡೆದ ಹಾಗೇ ಬರೀಲೇಬೇಕು."

ಮೊದಲು ಪಕ್ಕದ ಮನೆಗೆ ಓಡಿದೆ. ವಾರಗಿತ್ತಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಹತ್ತೂ ನುಂಗಿಯಾಯಿತು, ಹೊಟ್ಟೆನೋವಿಲ್ಲ, ತಲೆಸುತ್ತಿಲ್ಲ ಎಂದರು. ಆದರೂ ಬಿ.ಪಿ. ನೋಡಿದೆ. ತುಂಬಾ ಹೆಚ್ಚಿತ್ತು. ಹತ್ತು ನಿಮಿಷ ಬಿಟ್ಟು ನೋಡಿದೆ, ಇಳಿದಿರಲಿಲ್ಲ. ಹಿಂದೆ ಯಾವತ್ತೂ ಅವರು ತೋರಿಸಿಕೊಂಡವರೇ ಅಲ್ಲ. ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಆ ಮಾತ್ರೆ ಇನ್ನು ಕೊಡಕೂಡದು, ಈಗಲೇ ಶಿರಾ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದರು.

ಆಟೋ ಬಂತು. ವಾರಗಿತ್ತಿಗಿಂತ ಮೊದಲೇ ಅಜ್ಜಿ ಹತ್ತಿ ಕೂತಿದ್ದರು.

"ನೀವ್ಯಾಕಜ್ಜಿ?"

"ಕೊಟ್ಟೋಳು ನಾನಲ್ವಾ? ಅವ್ಳೊಬ್ಳನ್ನೇ ಕಳ್ಸಕಾಯ್ತದಾ?" ಎಂದು ವಾರಗಿತ್ತಿಯ ಕೈಹಿಡಿದು ಹತ್ತಿಸಿಕೊಂಡರು.

ಸಂಜೆಯವರೆಗೆ ಆಸ್ಪತ್ರೆಯಲ್ಲಿ ಕೂರಿಸಿಕೊಂಡು ಬಿ.ಪಿ. ಮಾತ್ರೆ ಶುರು ಮಾಡಿ ಕಳಿಸಿದರು. ಆ ಹತ್ತು ಮಾತ್ರೆಗಳ ವಿಷಯವನ್ನೆಲ್ಲ ನಾನು ಫೈಲಿನಲ್ಲಿ ಬರೆದೆ. ಮಾತ್ರೆ ಯಾಕೆ ಹಂಚಬಾರದೆಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಮತ್ತೆ ತಿಳಿಸಿ ಹೇಳಿದೆ. ಅಜ್ಜಿ ತಮ್ಮ ಪಾಲಿನದನ್ನು ಒಂದು ದಿನವೂ ತಪ್ಪಿಸಿರಲಿಲ್ಲವಾದ್ದರಿಂದ ಡಾಕ್ಟರು ಅವರನ್ನು ಅಧ್ಯಯನದಲ್ಲಿ ಉಳಿಸಿಕೊಂಡರು.

ಮುಂದಿನ ಸಲ ಹೋದಾಗ ಲೆಕ್ಕ ಸರಿಯಾಗಿತ್ತು. ವಾರಗಿತ್ತಿಯ ಬಿ.ಪಿ.ಯೂ ಹತೋಟಿಗೆ ಬಂದಿತ್ತು. ಇಬ್ಬರ ನಡುವೆ ಕೂತು ಟೀ ಕುಡಿದೆ. ವಾರ್ಡ್ ಬಿಟ್ಟು ಬಂದದ್ದಕ್ಕೆ ಅಲ್ಲಿಯವರೆಗೆ ಇದ್ದ ಸಣ್ಣ ಅಳುಕು ಅವತ್ತು ನನ್ನಲ್ಲಿರಲಿಲ್ಲ. ಮಧ್ಯಾಹ್ನ ಕೊರಟಗೆರೆಯಲ್ಲಿ ಇನ್ನೊಬ್ಬರ ಮನೆಗೆ ಹೋಗಬೇಕಿತ್ತು, ಸ್ಕೂಟರ್ ಸ್ಟಾರ್ಟ್ ಮಾಡಿದೆ.